ಮಾವನವರ ರಾಸ್‌ಬೆರಿ ಪರೀಕ್ಷೆ

ನಮ್ಮ ಮಾವನವರಿಗೆ ಹಿತ್ತಲಿನ ರಾಸ್‌ಬೆರಿ ಸಾಲು ಒಂದು ಪರೀಕ್ಷಾ ಕೊಠಡಿ. ಸೊಸೆಯಾದ ನಾನು ಅಲ್ಲಿ ಖಾಯಂ ಫೇಲಾಗುವ ವಿದ್ಯಾರ್ಥಿನಿ. ಹಣ್ಣು ಕೊಟ್ಟು ಮುಗಿಸಿದ ಕಂದು ಕಡ್ಡಿಯನ್ನು ಬುಡಕ್ಕೆ ಕತ್ತರಿಸಬೇಕು, ಮುಂದಿನ ವರ್ಷ ಹಣ್ಣು ಕೊಡುವ ಹಸಿರು ಕಡ್ಡಿಯನ್ನು ಉಳಿಸಬೇಕು, ವಿದ್ಯೆ ಇಷ್ಟೇ. ಇಷ್ಟಕ್ಕೆ ಮೊಣಕೈವರೆಗೆ ಕೈಗವಸು ಏರಿಸಿ, ಕತ್ತರಿ ಝಳಪಿಸುತ್ತ, ಒಲೆಯ ಮೇಲೆ ಹಾಲಿಟ್ಟವಳನ್ನು ಕೂಗಿ ಕರೆಯುತ್ತಾರೆ. “ಇದು ಹಳೇದೋ ಹೊಸದೋ? ಹೇಳು ನೋಡೋಣ!” “ಹಳೇದು ಮಾವ.” “ಅಷ್ಟು ಹೇಳೋಕೆ ಇಷ್ಟು ಹೊತ್ತಾ? ಕಣ್ಣೇನು ಅಡುಗೆಮನೇಲಿ ಬಿಟ್ಟು ಬಂದ್ಯಾ?” ಒಳಗೆ ಹಾಲು ಉಕ್ಕುತ್ತದೆ, ಇಲ್ಲಿ ನನ್ನ ಪಿತ್ತ ನೆತ್ತಿಗೇರುತ್ತದೆ. ನಲವತ್ತು ಕಡ್ಡಿಗೆ ನಲವತ್ತು ಪ್ರಶ್ನೆ, ಎಂಬತ್ತು ಬೈಗುಳ! ಅಷ್ಟೆಲ್ಲ ಗೊತ್ತಿರುವವರು ತಾವೇ ನೋಡಿ ಕತ್ತರಿಸಿಕೊಳ್ಳಬಾರದೇ? ಈ ಸಲ ರೋಸಿಹೋಗಿ, ಅವರು ಎಳೆ ಹಸಿರು ಕಡ್ಡಿ ಹಿಡಿದು ಕೇಳಿದಾಗ, ಬೈದರೆ ಬೈಯಲಿ ಎಂದು “ಹಳೇದು” ಎಂದುಬಿಟ್ಟೆ. “ನನಗೆ ಗೊತ್ತಿಲ್ವಾ? ನಿನಗೆ ಗೊತ್ತಾ ಅಂತ ಕೇಳಿದ್ದು” ಎಂದು ಗದರಿ, ಬುಡಕ್ಕೇ ಕತ್ತರಿಸಿದರು. ತುದಿಯಲ್ಲಿ ಚಿಗುರೆಲೆ ಇನ್ನೂ ಅಲುಗುತ್ತಿತ್ತು; ಅವರ ಕಣ್ಣಿಗೆ ಅದು ಕಾಣಲೇ ಇಲ್ಲ. ಅದನ್ನು ಕಂದು ಕಡ್ಡಿಗಳ ರಾಶಿಗೆ ಓರಣವಾಗಿ ಸೇರಿಸಿ, “ಹೂಂ, ಮುಂದಿನದು ಹೇಳು” ಎಂದರು. ನಾನು ಒಳಗೆ ಹೋಗಿ ಒಲೆ ಆರಿಸಿ ಬಂದು, ಬೈಸಿಕೊಳ್ಳಲು ಅವರ ಪಕ್ಕದಲ್ಲೇ ನಿಂತೆ.