ಮೂರನೇ ಕೂಗು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಒಡಹುಟ್ಟಿದವಳೇ ನಂಬದ ಮೇಲೆ ಊರೆಲ್ಲ ನಂಬಿದರೂ ಅಷ್ಟೇ. ಆದರೆ ಇದು ನಡೆದದ್ದು, ನನ್ನ ಮನೆಯಲ್ಲೇ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮ ಮನೆ. ಅವ್ವ ಹೋದ ಮೇಲೆ ಉಳಿದವರು ನಾನು, ತಂಗಿ ಶೈಲಾ ಇಬ್ಬರೇ. ನಾನು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬಿಲ್ ಮಾಡುತ್ತೇನೆ. ಅವಳನ್ನು ಓದಿಸಿದ್ದು ನಾನು, ಕಂಪ್ಲಿಯ ವೀರೇಶನ ಜೊತೆ ಮದುವೆ ಗೊತ್ತು ಮಾಡಿದ್ದೂ ನಾನೇ. ಅವಳ ಫೋಟೋ, ಜಾತಕ ಎಲ್ಲ ಅವನಿಗೆ ಹೋದದ್ದು ನನ್ನ ಈಮೇಲಿನಿಂದ.

ಆ ವಾರವೇ ಒಂದು ಮೇಲ್ ಬಂತು. 'ನಿಮ್ಮ ಖಾತೆ ಬಂದ್ ಆಗುತ್ತದೆ, ಇಲ್ಲಿ ಒತ್ತಿ ಪಾಸ್‌ವರ್ಡ್ ಹಾಕಿ.' ಒತ್ತಲಿಲ್ಲ. ಮತ್ತೆ ಬಂತು. ಆಗಲೂ ಒತ್ತಲಿಲ್ಲ. ಮೂರನೇ ಸಲ ಬಂದಾಗ ಒತ್ತಿಬಿಟ್ಟೆ...

ಯಾಕೆ ಗೊತ್ತೇ? ಅವ್ವ ಹೇಳುತ್ತಿದ್ದಳು: "ಕತ್ತಲಾದ ಮ್ಯಾಲೆ ಯಾರರ ಹೆಸರು ಹಿಡದು ಕರದ್ರ ಜಲ್ದಿ ಓ ಅನಬ್ಯಾಡ. ದೆವ್ವ ಎರಡು ಸಲ ಅಷ್ಟ ಕರೀತೈತಿ. ಮೂರನೇ ಸಲ ಕರದ್ರ ಮನಷ್ಯಾನ." ಆ ಮಾತು ಮೈಗೆ ಹತ್ತಿಹೋಗಿದೆ. ಮೂರು ಸಲ ಕೇಳುತ್ತಿದ್ದಾರೆಂದರೆ ಖರೇ ಕಂಪನಿಯವರೇ ಇರಬೇಕು ಅಂದುಕೊಂಡೆ. ಓದಿ ಓದಿ ಮರುಳಾದ ಕೂಚುಭಟ್ಟ ಅಂದರೆ ನಾನೇ.

ಮರುದಿನ ಕತ್ತಲಾಗುವ ಹೊತ್ತಿಗೆ ಕರೆಂಟ್ ಹೋಯಿತು. ಚಾರ್ಜ್ ಮುಗಿದ ಫೋನು ಗೂಡಿನಲ್ಲಿ ಬಿದ್ದಿತ್ತು. ಶೈಲಾ ಗೆಳತಿಯರ ಜೊತೆ ಮದುವೆ ಸೀರೆ ನೋಡಲು ಹೋಗಿದ್ದಳು. ನಾನೊಬ್ಬಳೇ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದೆ... ಇದ್ದಕ್ಕಿದ್ದಂತೆ ಜಜ್ಜಿದ ಉಳ್ಳಾಗಡ್ಡಿ ವಾಸನೆ ಮೂಗಿಗೆ ಹೊಡೆಯಿತು.

ಮನೆಯಲ್ಲಿ ಉಳ್ಳಾಗಡ್ಡಿ ತೀರಿಹೋಗಿತ್ತು.

ಶೈಲಾ ಸಣ್ಣ ಕೂಸಿದ್ದಾಗ ಅವಳಿಗೆ ಫಿಟ್ಸ್ ಬರುತ್ತಿತ್ತು. ಅವ್ವ ಉಳ್ಳಾಗಡ್ಡಿ ಜಜ್ಜಿ ಅವಳ ಮೂಗಿಗೆ ಹಿಡಿಯುತ್ತಿದ್ದಳು. ಆಮೇಲೆ ತಾನಾಗಿ ನಿಂತುಹೋಯಿತು. ಅವಳಿಗೇ ಅದರ ನೆನಪಿಲ್ಲ. ಗೊತ್ತಿದ್ದದ್ದು ಅವ್ವನಿಗೆ, ನನಗೆ. "ಸಾಯೂತನಕ ಬಾಯಿ ಬಿಡಬ್ಯಾಡ" ಎಂದು ಅವ್ವ ಆಣೆ ಹಾಕಿಸಿಕೊಂಡಿದ್ದಳು.

ಸುಳ್ಳು ಯಾಕೆ ಹೇಳಲಿ, ಆ ಹೊತ್ತು ನನ್ನ ಹೊಟ್ಟೆ ಉರಿಯುತ್ತಿತ್ತು. ನನ್ನ ಮದುವೆಯ ವಯಸ್ಸು ಅವಳ ಫೀಸು ಕಟ್ಟುವುದರಲ್ಲೇ ಕಳೆಯಿತು. ಈಗ ಅವಳಿಗೆ ಸೀರೆ, ನನಗೆ ಒಲೆ. 'ಆ ಒಂದು ಮಾತು ಹೇಳಿದರೆ ಎಲ್ಲಾ ನಿಂತೀತು' ಎಂದುಕೊಂಡೆ. ಬರೀ ಅಂದುಕೊಂಡೆ... ತುಟಿ ಕೂಡ ಅಲುಗಲಿಲ್ಲ.

ಕರೆಂಟ್ ಬಂದು ಫೋನ್ ಚಾರ್ಜಿಗೆ ಹಾಕಿದ್ದೇ ತಡ, ವೀರೇಶ ಫೋನ್ ಮಾಡಿದ.

"ಅಕ್ಕಾರ, ಇಂಥಾ ಮಾತು ಮೇಲ್‌ನ್ಯಾಗ ಬರದು ಹೇಳ್ತಾರೇನ್ರಿ? ನಮ್ಮಪ್ಪಾರು ಈ ಸಂಬಂಧ ಬ್ಯಾಡ ಅಂದ್ರು."

ಮೇಲ್ ತೆಗೆದು ನೋಡಿದೆ. ನನ್ನ ಖಾತೆಯಿಂದಲೇ ಹೋಗಿತ್ತು, ನಾನು ರೊಟ್ಟಿ ಬಡಿಯುತ್ತಿದ್ದ ಹೊತ್ತಿಗೆ. ಫಿಟ್ಸ್, ಉಳ್ಳಾಗಡ್ಡಿ, ಅವ್ವನ ಆಣೆ... ಕೊನೆಗೆ 'ಅವಳಿಗೆ ಸೀರೆ, ನನಗೆ ಒಲೆ.'

ಪೊಲೀಸರಿಗೆ ದೂರು ಕೊಟ್ಟೆ. ಅಲ್ಲಿ ಕೂತವರು ಕೇಳಿದರು: "ಕಳ್ಳರಿಗೆ ಪಾಸ್‌ವರ್ಡ್ ಸಿಕ್ಕಿರಬೋದು ಮೇಡಂ. ನಿಮ್ಮ ಮನಿ ಗುಟ್ಟು ಹೆಂಗ ಸಿಗ್ತೈತ್ರಿ?"

ಶೈಲಾ ಅಳಲೂ ಇಲ್ಲ. "ಅವ್ವ ಸತ್ತಾಳ. ಆ ಮೇಲ್ ನೀ ಬರದಿಲ್ಲಂದ್ರ ಮತ್ತ್ಯಾರು ಬರದ್ರಕ್ಕ?" ಅಷ್ಟೇ ಅಂದು ಬ್ಯಾಗು ತಗೊಂಡು ಸಂಡೂರಿನ ಗೆಳತಿಯ ಮನೆಗೆ ಹೋದವಳು ಮತ್ತೆ ಬರಲಿಲ್ಲ. ಸಾಕಿದ್ದಕ್ಕೆ ನನಗೆ ಸಿಕ್ಕ ಬಿರುದು 'ಮನೆಮುರುಕಿ'. ಪಾಸ್‌ವರ್ಡ್ ಬದಲಿಸಿದೆ. ಏನು ಬದಲಿಸಿದರೇನು ಬಂತು...

ಹೋದ ತಿಂಗಳು ಒಂದು ರಾತ್ರಿ ಮಲಗಿದ್ದೆ. ಹೊರಗೆ ನಾಯಿಯೂ ಬೊಗಳುತ್ತಿರಲಿಲ್ಲ.

"ಅಕ್ಕಾ..."

ಶೈಲಾಳ ದನಿ. ಎದ್ದು ಕೂತೆ.

"ಅಕ್ಕಾ... ಬಾಗ್ಲಾ ತಗಿ."

ಬಾಗಿಲ ಬಳಿ ಓಡಿ ಅಗುಳಿ ಮೇಲೆ ಕೈಯಿಟ್ಟೆ. ಅವ್ವನ ಮಾತು ನೆನೆದು ಉಸಿರು ಹಿಡಿದು ಕಾದೆ.

"ಅಕ್ಕಾ, ನಾ ಶೈಲಾ... ನನ್ನ ಒಳಗ ಕರ್ಕೋ..." ಮೂರನೇ ಸಲ. ಅಳುತ್ತಿದ್ದಳು.

ಅಗುಳಿ ಸರಿಸಬೇಕು, ಅಷ್ಟರಲ್ಲಿ ಬಾಗಿಲ ಸಂದಿಯಿಂದ ಆ ವಾಸನೆ... ಜಜ್ಜಿದ ಉಳ್ಳಾಗಡ್ಡಿ.

ತೆಗೆಯಲಿಲ್ಲ.

ಬೆಳಗ್ಗೆ ಹೊಸ್ತಿಲ ಮುಂದೆ ಯಾರೂ ಇರಲಿಲ್ಲ. ಬಂದವಳು ನೀನೇನಾ ಎಂದು ಕೇಳಲು ದಿನವೂ ಫೋನ್ ಮಾಡುತ್ತೇನೆ. ರಿಂಗ್ ಆಗುತ್ತದೆ, ಅವಳು ಎತ್ತುವುದಿಲ್ಲ. ರಾತ್ರಿಯಾದರೆ ಬಾಗಿಲ ಹತ್ತಿರವೇ ಹಾಸಿಕೊಂಡು ಮಲಗುತ್ತೇನೆ. ನಾಲ್ಕನೇ ಸಲ ಮಾತ್ರ ಇನ್ನೂ ಯಾರೂ ಕರೆದಿಲ್ಲ.