ಚಾಚಾರ ಕಿವಿಗೆ ಕೂಗಿದ ಹಾಡುಗಳು

ಚಾಚಾರ ಬಲ ಅಂಗೈ ಸದಾ ಯಾವುದಾದರೊಂದು ಸ್ಪೀಕರ್ ಡಬ್ಬಿಯ ಮೇಲಿರುತ್ತಿತ್ತು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ. ಇಳಕಲ್ಲಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಮದುವೆ, ಉರುಸು, ಭಾಷಣ ಎಲ್ಲದಕ್ಕೂ ಸ್ಪೀಕರ್ ಬಾಡಿಗೆಗೆ ಕೊಡುತ್ತಿದ್ದರು. ರಿಪೇರಿಯಾದ ಸ್ಪೀಕರನ್ನು ಪರೀಕ್ಷಿಸುತ್ತಿದ್ದುದು ಮಾತ್ರ ಅಮೆರಿಕದ ಬ್ಲೂಸ್ ಎಂಬ ನೋವಿನ ಹಾಡುಗಳನ್ನು ಹಾಕಿ, ಅದರಲ್ಲೂ ಗೋಡೆ ಅದುರುವಂಥ ಭಾರಿ ಬ್ಲೂಸ್. "ಇದನ್ನ ತಡಕೊಂಡ್ರ ಎಂಥಾ ಮೆರವಣಿಗಿನೂ ತಡಕೋತೈತಿ" ಎನ್ನುತ್ತಿದ್ದರು. ಪರೀಕ್ಷೆ ಮುಗಿದರೂ ಹಾಡು ನಿಲ್ಲುತ್ತಿರಲಿಲ್ಲ. ಹುಚ್ಚು ಹತ್ತಿತ್ತು ಅವರಿಗೆ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನನಗೂ ಹಚ್ಚಿಬಿಟ್ಟರು.

ಸ್ಪೀಕರ್ ಪಕ್ಕ ನಿಂತು ನಿಂತೇ ಅವರ ಕಿವಿ ಹೋಯಿತು. ಕಿವಿಗೆ ಬಾಯಿಟ್ಟು ಕೂಗಿದರೆ ಮಾತು ತಿಳಿಯುತ್ತಿತ್ತು, ಹಾಡು ಮಾತ್ರ ಬರೀ ಗದ್ದಲವಾಯಿತು. ಅಂಗೈಗೆ ಒಂದಿಷ್ಟು ಅದುರು ಸಿಗುತ್ತಿತ್ತು, ಅಷ್ಟೇ. ಹಾಡು ಹೇಗಿದೆ ಎಂದು ಹೇಳುವ ಕೆಲಸ ನನಗೆ ಬಂತು.

ಮೊದಲ ದಿನ "ಗಿಟಾರು ಭಾಳ ಚೆಂದ ಐತ್ರಿ ಚಾಚಾ" ಎಂದೆ. ಸಿಟ್ಟಿಗೆದ್ದರು.

"ಚೆಂದ ಅಂದ್ರ ನನಗೇನ್ ಕೇಳಿಸ್ತೈತ್ರಿ ಟೀಚರ್? ಸೀರಿನೂ ಚೆಂದ ಇರ್ತೈತಿ. ಕಿವ್ಯಾಗ ಬೀಳೋಹಂಗ ಹೇಳ್ರಿ!"

ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಅಲ್ಲಿ ಈ ಹಾಡುಗಳ ಬಗ್ಗೆ ಬರೆಯುವವರಿಗೆ ಎಲ್ಲವೂ ಸಿಡಿಲು, ಸುತ್ತಿಗೆ, ಯುದ್ಧದ ಟ್ಯಾಂಕು. ಅದನ್ನೇ ಕೂಗಿ ಹೇಳಿದೆ. "ಸಿಡಿಲು ಬಡದ್ ಹೋಗಿಬಿಡ್ತೈತ್ರಿ. ಈ ಹಾಡು ಹೋಗಂಗಿಲ್ಲ, ಎದಿ ಮ್ಯಾಲೆ ಕುಂದರ್ತೈತಿ" ಎಂದು ತಳ್ಳಿಹಾಕಿದರು.

ಕೊನೆಗೆ ನಾನೇ ತಿಣುಕಿ, "ಗ್ರಾನೈಟ್ ಹೇರಿದ ಲಾರಿ ಫಸ್ಟ್ ಗೇರಿನ್ಯಾಗ ಏರು ಹತ್ತಾಕತ್ತೈತ್ರಿ! ಡ್ರೈವರ್ ಅಳಾಕತ್ತಾನ!" ಎಂದು ಅರಚಿದೆ. ಚಾಚಾ ಕಣ್ಣು ಮುಚ್ಚಿದರು. "ಹಾಂ, ಈಗ ಕೇಳಿಸ್ತು ನೋಡ್ರಿ." ಅಯ್ಯೋ, ಆವತ್ತಿನ ನನ್ನ ಖುಷಿ! ನಾವಿಬ್ಬರೂ ಜಗಳಕ್ಕೆ ಬಿದ್ದಿದ್ದೇವೆಂದು ಓಣಿಯವರು ಇಣುಕುತ್ತಿದ್ದರು.

ಹೋದ ವರ್ಷ ಅವರನ್ನು ಬಾಗಲಕೋಟೆಯ ದವಾಖಾನೆಗೆ ಸೇರಿಸಿದರು. ಅವರಿಗೆಂದೇ ಹೊಸ ಹಾಡೊಂದನ್ನು ಹುಡುಕಿಕೊಂಡು ಹೋಗಿದ್ದೆ. ವಾರ್ಡಿನಲ್ಲಿ ಕೂಗುವ ಹಾಗಿಲ್ಲವಲ್ಲ, ದನಿ ಎತ್ತಿದ್ದೇ ತಡ ನರ್ಸ್ ಗದರಿದಳು. ನಾನು ಪೆಚ್ಚಾಗಿ ಕೂತೆ. ಚಾಚಾ ನನ್ನ ಇಯರ್‌ಫೋನಿನತ್ತ ಬೆರಳು ಮಾಡಿದರು.

"ನೀವ ಕೇಳ್ರಿ. ನಾ ನಿಮ್ಮ ಮಾರಿ ನೋಡ್ತೇನಿ."

ಕೇಳಿದೆ. ಹಾಡು ಮುಗಿಯುವವರೆಗೂ ಅವರು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. "ಹೂಂ" ಎಂದರು, "ಭಾಳ ಭಾರ ಐತಿ ಬಿಡ್ರಿ ಇದು."

ಅದೇ ವಾರ ಹೋಗಿಬಿಟ್ಟರು. ಹಾಡುಗಳನ್ನೇನೋ ದಿನಾ ಕೇಳುತ್ತೇನೆ. ಕೇಳುವಾಗ ನನ್ನ ಮುಖ ನೋಡುವವರು ಯಾರೂ ಇಲ್ಲ.