ದೊಡ್ಡಮ್ಮ ಕೇಳಿದ ಅಪ್ಪಣೆ

ಇಸವಿ ತೊಂಬತ್ತಾರೋ ತೊಂಬತ್ತೇಳೋ, ಮೇಸ್ತ್ರಿಯ ಕೈಯಲ್ಲಿದ್ದದ್ದು ಹಾರೆಯೋ ಗುದ್ದಲಿಯೋ, ನನ್ನ ನೆನಪು ತಪ್ಪಿರಬಹುದು. ದೊಡ್ಡಮ್ಮ ಅವನನ್ನು ತಡೆದದ್ದು ಮಾತ್ರ ನಿಜ. ಮೇಟಗಳ್ಳಿಯ ಮನೆಗೆ ಕಾಂಪೌಂಡ್ ಕಟ್ಟಲು ಪಾಯ ತೋಡುವಾಗ, ಅವರು ದಿನಾ ಕುಂಕುಮವಿಡುತ್ತಿದ್ದ ಹೆಸರಿಲ್ಲದ ಕಲ್ಲು ಅಡ್ಡ ಬಂದಿತ್ತು.

"ತಡಿಯಪ್ಪ, ಅದುನ್ನೇ ಒಂದ್ ಮಾತು ಕೇಳ್ಬುಡ್ತೀನಿ" ಎಂದು ಕಲ್ಲಿನೆದುರು ಕುಳಿತರು. ಕೊರಳಲ್ಲಿ ಇಷ್ಟಲಿಂಗ ಧರಿಸಿದವರು ಕಲ್ಲಿನ ಅಪ್ಪಣೆ ಕೇಳುವುದೇ!

ನಾನಾಗ ಎಂ.ಎ. ಪರೀಕ್ಷೆಗೆ, ನೆಲವನ್ನೂ ಬಂಡೆಯನ್ನೂ ಪೂರ್ವಜರೆಂದು ಕಾಣುವ ಆಸ್ಟ್ರೇಲಿಯಾದ ಮೂಲನಿವಾಸಿಗಳ ಬಗ್ಗೆ ಓದುತ್ತಿದ್ದೆ. "ಇದ್ಯಾವ ಧರ್ಮ ದೊಡ್ಡಮ್ಮ?" ಎಂದೆ.

"ಧರ್ಮ ಗಿರ್ಮ ನಿನ್ ಪುಸ್ತಕದಲ್ಲಿರ್ಲಿ. ಇದು ನಮಗಿಂತ ಮುಂಚಿಂದ ಇಲ್ಲೈತೆ ಕಣಮ್ಮ."

ಸ್ವಲ್ಪ ಹೊತ್ತಿಗೆ ಎದ್ದು, ಗೋಡೆಯನ್ನೇ ಕಲ್ಲಿನಾಚೆಗೆ ಬಾಗಿಸಿ ಕಟ್ಟಲು ಹೇಳಿದರು.

ಆ ಬಾಗಿದ ಗೋಡೆ ನೋಡಿದಾಗಲೆಲ್ಲ ಈಗಲೂ ಖುಷಿಯಾಗುತ್ತದೆ. "ಕಲ್ಲು ಏನಂತು, ದೊಡ್ಡಮ್ಮ?" ಎಂದು ಅಂದೇ ಕೇಳಿದ್ದೆ. ಅವರಿನ್ನೂ ಹೇಳಿಲ್ಲ.